ರಸ್ತೆಯ ಮಂದಿಗೆ ಮುಖ ಕೊಟ್ಟ ಸತ್ಯನ್: ಟ್ರಂಕು ರದ್ದಿಗೆ ಹಾಕುವ ಮುಂಚೆ ಇದನ್ನೊಮ್ಮೆ ಓದಿ

ಮನೆಗೆ ಸುಣ್ಣ-ಬಣ್ಣ ಮಾಡಿಸುವಾಗ, ಅಣ್ಣ-ತಮ್ಮಂದಿರ ಪಾಲು ಆಗುವಾಗ, ಹಳೇ ಅಂಗಡಿ ಕೆಡವಿ ಕಾಂಪ್ಲೆಕ್ಸ್ ಎಬ್ಬಿಸುವಾಗ ಮೊದಲು ಹೊರಗೆ ಬೀಳುವ ಸಾಮಾನು ಅಟ್ಟದ ಮೇಲಿನ ಟ್ರಂಕು. ಅದರೊಳಗೆ ಹಳೇ ಖಾತೆ-ಕಿರ್ದಿ, ಹರಿದ ಪಂಚಾಂಗ, ಜೊತೆಗೆ ಒಂದಿಷ್ಟು ಕಪ್ಪು-ಬಿಳುಪು ಫೋಟೋ. ಅಜ್ಜನದೋ ಮುತ್ತಜ್ಜನದೋ ಎಂದು ಗುರುತು ಸಿಕ್ಕರೆ ಒಂದೆರಡು ಉಳಿಯುತ್ತವೆ. ಗುರುತು ಸಿಗದ ಮುಖ, ಗುರುತು ಸಿಗದ ಓಣಿ, ಗುರುತು ಸಿಗದ ಸಂತೆ, ಇವೆಲ್ಲ ಕಿಲೋ ಲೆಕ್ಕದಲ್ಲಿ ರದ್ದಿಗೆ.

ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಯಂಥ ಊರುಗಳಲ್ಲಿ ಹೀಗೆ ರದ್ದಿಗೆ ಹೋಗುವ ಮಾಲಿಗೆ ಬೆಲೆ ಎಷ್ಟು ಎಂದು ತಿಳಿಯಬೇಕಾದರೆ ಮೈಸೂರಿನ ಟಿ.ಎಸ್. ಸತ್ಯನ್ ಅವರ ಬದುಕನ್ನು ಒಮ್ಮೆ ತಿರುವಿ ಹಾಕಬೇಕು. ಹೆಸರಿಲ್ಲದ ಮಂದಿಯ ಫೋಟೋ ತೆಗೆಯುವುದನ್ನೇ ಅರವತ್ತು ವರ್ಷದ ಕಸುಬು ಮಾಡಿಕೊಂಡವರು ಅವರು. ಅದೇ ಕಸುಬಿನಿಂದ 1977ರಲ್ಲಿ ಪದ್ಮಶ್ರೀ ಪಡೆದರು. ತೀರಿಕೊಂಡು ಒಂದೂವರೆ ದಶಕ ದಾಟಿದ ಮೇಲೂ ಅವರ ಚಿತ್ರಗಳು ಇವತ್ತಿಗೂ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿ ಜೋಪಾನವಾಗಿವೆ.

ಮೈಸೂರಿನ ಹುಡುಗ

ತಾಂಬ್ರಹಳ್ಳಿ ಸುಬ್ರಹ್ಮಣ್ಯ ಸತ್ಯನಾರಾಯಣ ಅಯ್ಯರ್ ಎಂಬುದು ಪೂರಾ ಹೆಸರು. ಅಷ್ಟುದ್ದದ ಹೆಸರು ಫೋಟೋದ ಕೆಳಗೆ ಹಿಡಿಸುವುದಿಲ್ಲ, ಟಿ.ಎಸ್. ಸತ್ಯನ್ ಅಂತಲೇ ಲೋಕಕ್ಕೆ ಪರಿಚಯ. ಹುಟ್ಟಿದ್ದು 1923ರ ಡಿಸೆಂಬರ್ 18ರಂದು ಮೈಸೂರಿನಲ್ಲಿ. 1944ರಲ್ಲಿ ಮಹಾರಾಜ ಕಾಲೇಜಿನಿಂದ ಪದವಿ.

ಆ ಕಾಲದ ಮೈಸೂರು ಎಂದರೆ ಬರೀ ಅರಮನೆ, ದಸರಾ ಅಷ್ಟೇ ಅಲ್ಲ. ಕಾದಂಬರಿಕಾರ ಆರ್.ಕೆ. ನಾರಾಯಣ್ ಅದೇ ಊರಿನ ಬೀದಿಗಳಲ್ಲಿ ನಡೆದಾಡುತ್ತ ಮಾಲ್ಗುಡಿ ಎಂಬ ಇಲ್ಲದ ಊರನ್ನು ಕಟ್ಟುತ್ತಿದ್ದರು. ತಮ್ಮ ಆರ್.ಕೆ. ಲಕ್ಷ್ಮಣ್ ಮುಂದೆ ವ್ಯಂಗ್ಯಚಿತ್ರಗಳಲ್ಲಿ ಹೆಸರು ಮಾಡಿ, ಜನಸಾಮಾನ್ಯ ಎಂಬ ಪಾತ್ರವನ್ನು ದೇಶದ ಮನೆಮನೆಗೆ ಮುಟ್ಟಿಸಿದರು. ಮುಂದೆ ಪ್ರಧಾನಿ ಇಂದಿರಾ ಗಾಂಧಿಯವರ ಮಾಧ್ಯಮ ಸಲಹೆಗಾರರಾದ ಎಚ್.ವೈ. ಶಾರದಾಪ್ರಸಾದ್ ಕೂಡ ಇದೇ ಮೈಸೂರಿನ ಬಳಗದವರು. ಇವರೆಲ್ಲರ ಜೊತೆ ಸತ್ಯನ್ ಅವರಿಗೆ ಕೊನೆತನಕ ಸ್ನೇಹವಿತ್ತು. ಒಬ್ಬರು ಸಣ್ಣ ಊರಿನ ಸಣ್ಣ ಮನುಷ್ಯನನ್ನು ಕಥೆಯಲ್ಲಿ ಹಿಡಿದರು, ಇನ್ನೊಬ್ಬರು ಗೆರೆಯಲ್ಲಿ ಹಿಡಿದರು. ಸತ್ಯನ್ ಅವನನ್ನು ಕ್ಯಾಮೆರಾದಲ್ಲಿ ಹಿಡಿದರು.

ಕಾಲೇಜು ದಿನಗಳಲ್ಲೇ ಕ್ಯಾಮೆರಾದ ಗೀಳು ಹತ್ತಿತ್ತು. ಅದು ಎರಡನೇ ಮಹಾಯುದ್ಧದ ಹೊತ್ತು. ಫಿಲ್ಮು ಬರಬೇಕಾದದ್ದು ಹೊರದೇಶದಿಂದ. ಇಂಥ ಹೊತ್ತಿನಲ್ಲಿ ಒಬ್ಬ ಪದವೀಧರ ಸರ್ಕಾರಿ ನೌಕರಿ ಬಿಟ್ಟು ಫೋಟೋ ತೆಗೆದು ಹೊಟ್ಟೆ ಹೊರೆಯುತ್ತೇನೆಂದರೆ ಮನೆಯವರು ಏನೆಂದಾರು, ಊಹಿಸಿಕೊಳ್ಳಬಹುದು. ಫೋಟೋ ಎಂದರೆ ಆಗ ಸ್ಟುಡಿಯೋ. ಪರದೆಯ ಮುಂದೆ ಕುರ್ಚಿ, ಕುರ್ಚಿಯ ಮೇಲೆ ಯಜಮಾನರು, ಪಕ್ಕದಲ್ಲಿ ಹೂದಾನಿ. ರಸ್ತೆಗೆ ಇಳಿದು ಕ್ಷೌರಿಕನ ಫೋಟೋ, ಪಾಟಿ ಹಿಡಿದ ಶಾಲೆ ಹುಡುಗನ ಫೋಟೋ ತೆಗೆದರೆ ದುಡ್ಡು ಕೊಡುವ ಗಿರಾಕಿ ಯಾರು?

ಗಿರಾಕಿ ಸಿಕ್ಕಿದ್ದು ಪತ್ರಿಕೆಯಲ್ಲಿ

ಗಿರಾಕಿ ಸಿಕ್ಕರು, ಪತ್ರಿಕೆಗಳ ರೂಪದಲ್ಲಿ. 1948ರ ಜೂನ್‌ನಲ್ಲಿ ಕೆ.ಎನ್. ಗುರುಸ್ವಾಮಿಯವರು ಬೆಂಗಳೂರಿನಲ್ಲಿ ಡೆಕ್ಕನ್ ಹೆರಾಲ್ಡ್ ಶುರು ಮಾಡಿದರು. ಅದೇ ವರ್ಷ ಅಕ್ಟೋಬರಿನಲ್ಲಿ ಪ್ರಜಾವಾಣಿ ಬಂತು. ಡೆಕ್ಕನ್ ಹೆರಾಲ್ಡಿಗೆ ಪೋತನ್ ಜೋಸೆಫ್ ಸಂಪಾದಕರು. ಸತ್ಯನ್ ಅದೇ ವರ್ಷ ಅಲ್ಲಿ ಛಾಯಾಗ್ರಾಹಕರಾಗಿ ಸೇರಿದರು. ಆನಂತರ ಮುಂಬಯಿಯ ಇಲಸ್ಟ್ರೇಟೆಡ್ ವೀಕ್ಲಿ. ಆ ವಾರಪತ್ರಿಕೆ ಈಗ ಇಲ್ಲ, 1993ರಲ್ಲಿ ನಿಂತುಹೋಯಿತು. ಆದರೆ ಆ ದಿನಗಳಲ್ಲಿ ಅದರಲ್ಲಿ ಪುಟ ತುಂಬ ಚಿತ್ರ ಬಂತೆಂದರೆ ಛಾಯಾಗ್ರಾಹಕನಿಗೆ ದೇಶವೆಲ್ಲ ಹೆಸರು.

ಟಿ.ವಿ. ಇರದ ಕಾಲ ಅದು. ಒಂದು ಊರಿನವರು ಇನ್ನೊಂದು ಊರಿನವರ ಮುಖ ನೋಡಬೇಕಾದರೆ ಪತ್ರಿಕೆಯ ಪುಟವೇ ಗತಿ. ಅಷ್ಟಕ್ಕೂ ಹಾವೇರಿ ಆಗ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಯಲ್ಲಿತ್ತು, ಮೈಸೂರು ಬೇರೆ ಸಂಸ್ಥಾನ. ಸತ್ಯನ್ ಮತ್ತು ಹಾವೇರಿಯವರು ಒಂದೇ ರಾಜ್ಯದವರಾಗಲು 1956ರ ನವೆಂಬರ್ 1 ಬರಬೇಕಾಯಿತು. ಹಾವೇರಿಯೇ ಜಿಲ್ಲೆಯಾಗಲು 1997ರ ತನಕ ಕಾಯಬೇಕಾಯಿತು. ಎಲ್ಲೆಲ್ಲೋ ಹರಿದು ಹಂಚಿದ್ದ ಮಂದಿ ಒಬ್ಬರನ್ನೊಬ್ಬರು ನೋಡಿಕೊಂಡದ್ದರಲ್ಲಿ ಇಂಥ ಚಿತ್ರಗಳ ಪಾಲೂ ಉಂಟು.

ಕೆಲ ವರ್ಷದ ಮೇಲೆ ಸತ್ಯನ್ ಪಗಾರದ ನೌಕರಿ ಬಿಟ್ಟರು. ಯಾವ ಪತ್ರಿಕೆಯ ನೌಕರನೂ ಅಲ್ಲದ ಸ್ವತಂತ್ರ ಛಾಯಾಗ್ರಾಹಕರಾಗಿ ದಿಲ್ಲಿಯಲ್ಲಿ ನೆಲೆ ನಿಂತರು. ಇದು ಧೈರ್ಯದ ಮಾತು. ತಿಂಗಳ ಕೊನೆಗೆ ಪಗಾರ ಇಲ್ಲ. ಫಿಲ್ಮು, ಕಾಗದ, ಔಷಧ, ಬಸ್ಸು-ರೈಲಿನ ಚಾರ್ಜು ಎಲ್ಲ ಕೈಯಿಂದ. ಚಿತ್ರ ಮಾರಾಟವಾದರೆ ಹಣ, ಇಲ್ಲದಿದ್ದರೆ ಇಲ್ಲ. ಸ್ವಂತ ಅಂಗಡಿ ಇಟ್ಟವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಿಲ್ಲ. ಆದರೆ ಇದರಲ್ಲಿ ಒಂದು ಲಾಭವೂ ಇತ್ತು. ನೌಕರಿಯಲ್ಲಿದ್ದಾಗ ತೆಗೆದ ಚಿತ್ರ ಸಾಮಾನ್ಯವಾಗಿ ಪತ್ರಿಕೆಯ ಸೊತ್ತು. ಸ್ವಂತಕ್ಕೆ ದುಡಿದಾಗ ನೆಗೆಟಿವ್ ತನ್ನ ಬಳಿಯೇ ಉಳಿಯುತ್ತದೆ. ಸತ್ಯನ್ ಅವರ ಗಂಟು ಹೀಗೆ ವರ್ಷದಿಂದ ವರ್ಷಕ್ಕೆ ಬೆಳೆಯಿತು.

ನ್ಯೂಯಾರ್ಕಿನ ಬ್ಲ್ಯಾಕ್ ಸ್ಟಾರ್ ಎಂಬ ಏಜೆನ್ಸಿ ಅವರ ಚಿತ್ರಗಳನ್ನು ಜಗತ್ತಿನ ಪತ್ರಿಕೆಗಳಿಗೆ ಮುಟ್ಟಿಸಿತು. ಅಮೆರಿಕದ ಲೈಫ್ ಪತ್ರಿಕೆಯಲ್ಲೂ ಚಿತ್ರ ಬಂದವು. 1961ರಲ್ಲಿ ಗೋವಾ ಪೋರ್ಚುಗೀಸರ ಕೈಯಿಂದ ಬಿಡುಗಡೆಯಾದಾಗ ಕ್ಯಾಮೆರಾ ಹಿಡಿದು ಅಲ್ಲಿಗೂ ಹೋದರು. ಸರ್ ಎಂ. ವಿಶ್ವೇಶ್ವರಯ್ಯ, ನೆಹರೂ, ನಾರಾಯಣ್‌ರಂಥ ದೊಡ್ಡವರ ಚಿತ್ರಗಳೂ ಅವರ ಬಳಿ ಇದ್ದವು.

ದೊಡ್ಡವರಿಗಿಂತ ಸಣ್ಣವರೇ ಹೆಚ್ಚು

ಆದರೆ ಸತ್ಯನ್ ಉಳಿದದ್ದು ದೊಡ್ಡವರ ಚಿತ್ರಗಳಿಂದ ಅಲ್ಲ. ಮಂತ್ರಿ-ಮಹೋದಯರ ಫೋಟೋ ತೆಗೆಯಲು ಮಂದಿ ಬೇಕಾದಷ್ಟಿದ್ದರು. ಬೀದಿಯಲ್ಲಿ ಆಡುವ ಮಕ್ಕಳು, ಮಗುವಿಗೆ ಉಣಿಸುವ ತಾಯಿ, ಹಳ್ಳಿ ಶಾಲೆಯ ಮಾಸ್ತರು, ರಸ್ತೆ ಬದಿಯ ವ್ಯಾಪಾರಿ, ಆಸ್ಪತ್ರೆ ಮುಂದಿನ ಸಾಲು, ಇವರೆಲ್ಲರ ಬಳಿ ಹೋಗಿ ನಿಂತವರು ಕಡಿಮೆ. ಬಡತನವನ್ನು ಕಂಡು ಮರುಗುವ ಚಿತ್ರ ಅವರದಲ್ಲ, ಬಡವರನ್ನು ನೋಡಿ ನಗುವ ಚಿತ್ರವೂ ಅಲ್ಲ. ಎದುರಿಗಿದ್ದವರು ತಮ್ಮ ಪಾಡಿಗೆ ತಾವು ಕೆಲಸ ಮಾಡುತ್ತಿರುತ್ತಾರೆ. ಅದರಲ್ಲೇ ಒಂದು ಮರ್ಯಾದೆ ಇರುತ್ತದೆ, ಒಂದು ಸಣ್ಣ ತಮಾಷೆಯೂ ಇರುತ್ತದೆ.

ಈಗಿನವರಿಗೆ ಇದು ಸಲೀಸು ಅನ್ನಿಸಬಹುದು. ಮೊಬೈಲಿನಲ್ಲಿ ನೂರು ಹೊಡೆದು ಒಂದು ಇಟ್ಟುಕೊಳ್ಳುವ ಕಾಲ. ಆಗಿನ ಲೆಕ್ಕ ಬೇರೆ. ಚೌಕ ಚಿತ್ರ ಬರುವ ದೊಡ್ಡ ಕ್ಯಾಮೆರಾಕ್ಕೆ ಒಂದು ರೋಲು ಹಾಕಿದರೆ 12 ಚಿತ್ರ. ಸಣ್ಣ ಫಿಲ್ಮಿನ ಕ್ಯಾಮೆರಾಕ್ಕೆ 36. ಬೆಳಕು ಎಷ್ಟು, ದೂರ ಎಷ್ಟು ಎಂದು ಕಣ್ಣಳತೆಯಲ್ಲೇ ತೂಗಬೇಕು. ಚಿತ್ರ ಬಂತೋ ಇಲ್ಲವೋ ಎಂಬುದು ಕತ್ತಲೆ ಖೋಲಿಯಲ್ಲಿ ಫಿಲ್ಮು ತೊಳೆದ ಮೇಲೆಯೇ ಗೊತ್ತು. ಆಮೇಲೆ ಕೆಂಪು ದೀಪದ ಕೆಳಗೆ ಕಾಗದದ ಮೇಲೆ ಅಚ್ಚು ಇಳಿಸಿ, ಹೈಪೋದಲ್ಲಿ ಅದ್ದಿ, ನೀರಲ್ಲಿ ತೊಳೆದು ಒಣಗಿಸಬೇಕು. ತೊಳೆಯುವಾಗ ಅವಸರ ಮಾಡಿದರೆ ಹತ್ತು-ಇಪ್ಪತ್ತು ವರ್ಷದಲ್ಲಿ ಚಿತ್ರ ಹಳದಿ ತಿರುಗುತ್ತದೆ. ಹಾಗಾಗಿ ಬಟನ್ ಒತ್ತುವ ಮುಂಚೆ ಮನುಷ್ಯನನ್ನು ನೆಟ್ಟಗೆ ನೋಡಲೇಬೇಕಿತ್ತು.

ಯುನಿಸೆಫ್, ವಿಶ್ವ ಆರೋಗ್ಯ ಸಂಸ್ಥೆಗಳು ಸತ್ಯನ್ ಅವರಿಗೆ ಕೆಲಸ ಕೊಟ್ಟದ್ದು ಈ ನೋಟಕ್ಕಾಗಿ. ದೇಶದ ಮೂಲೆಮೂಲೆಗೆ ಹೋಗಿ ಮಕ್ಕಳ, ತಾಯಂದಿರ ಬದುಕನ್ನು ಸೆರೆಹಿಡಿದರು. 1979 ಅಂತಾರಾಷ್ಟ್ರೀಯ ಮಕ್ಕಳ ವರ್ಷ. ಆ ವರ್ಷ ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಚೇರಿಯಲ್ಲಿ ಯುನಿಸೆಫ್ ಆಶ್ರಯದಲ್ಲಿ ಸತ್ಯನ್ ಒಬ್ಬರದೇ ಚಿತ್ರಗಳ ಪ್ರದರ್ಶನ ನಡೆಯಿತು. ಯಾವ ಹಳ್ಳಿಯ ಹುಡುಗನ ಹೆಸರೂ ಊರಾಚೆ ಗೊತ್ತಿರಲಿಲ್ಲವೋ ಅಂಥವನ ಮುಖ ಜಗತ್ತಿನ ದೊಡ್ಡ ಬಾಗಿಲೊಳಗೆ ಹೋಯಿತು.

ಕೊನೆಯ ವರ್ಷಗಳಿಗೆ ಸತ್ಯನ್ ಮೈಸೂರಿಗೇ ವಾಪಸ್ ಬಂದರು. ಕ್ಯಾಮೆರಾ ಹಿಡಿದ ಕೈ ಪೆನ್ನನ್ನೂ ಹಿಡಿಯಿತು. ಕನ್ನಡದಲ್ಲಿ ಕಾಲಕ್ಕೆ ಕನ್ನಡಿ ಎಂಬ ಪುಸ್ತಕ ಬಂತು, ಇಂಗ್ಲಿಷಿನಲ್ಲಿ ಅಲೈವ್ ಅಂಡ್ ಕ್ಲಿಕಿಂಗ್ ಎಂಬ ನೆನಪುಗಳ ಪುಸ್ತಕ 2005ರಲ್ಲಿ ಹೊರಬಿತ್ತು. 2009ರ ಡಿಸೆಂಬರ್ 13ರಂದು ಮೈಸೂರಿನಲ್ಲಿ ತೀರಿಕೊಂಡರು. 86 ತುಂಬಲು ಐದೇ ದಿನ ಬಾಕಿ ಇತ್ತು.

ಮನುಷ್ಯ ಹೋದ ಮೇಲೆ ಗಂಟು ಯಾರಿಗೆ?

ಫೋಟೋ ತೆಗೆಯುವವರ ಬದುಕಿನಲ್ಲಿ ನಿಜವಾದ ಪರೀಕ್ಷೆ ಬರುವುದು ಅವರು ಹೋದ ಮೇಲೆ. ಡಬ್ಬಿಗಟ್ಟಲೆ ನೆಗೆಟಿವ್, ಕಟ್ಟುಗಟ್ಟಲೆ ಪ್ರಿಂಟು. ಮನೆಯವರಿಗೆ ಅದು ಜಾಗ ತಿನ್ನುವ ಸಾಮಾನು. ಹಳೇ ಫಿಲ್ಮಿನಲ್ಲಿ ಬೆಳ್ಳಿಯ ಅಂಶ ಇರುತ್ತದೆ. ಅದನ್ನು ತೆಗೆಯಲಿಕ್ಕೆಂದೇ ಮೋಡಕಾ ವ್ಯಾಪಾರಿಗಳು ಕೊಳ್ಳುತ್ತಾರೆ. ಚಿಟಿಕೆ ಬೆಳ್ಳಿಗಾಗಿ ಒಂದು ಊರಿನ ಐವತ್ತು ವರ್ಷದ ಮುಖಗಳು ಕರಗಿಹೋಗುತ್ತವೆ. ಎಷ್ಟೋ ಸ್ಟುಡಿಯೋಗಳ ಗತಿ ಹೀಗೇ ಆಗಿದೆ.

ಸತ್ಯನ್ ಅವರ ಗಂಟಿಗೆ ಆ ಗತಿ ಬರಲಿಲ್ಲ. ಕುಟುಂಬದವರ ಟ್ರಸ್ಟು ಚಿತ್ರಗಳನ್ನು ಬೆಂಗಳೂರಿನ ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೋಗ್ರಫಿಗೆ ಒಪ್ಪಿಸಿತು. ಕಸ್ತೂರಬಾ ರಸ್ತೆಯಲ್ಲಿ 2023ರಲ್ಲಿ ಬಾಗಿಲು ತೆರೆದ ಈ ಸಂಗ್ರಹಾಲಯ ಅವರ ಚಿತ್ರಗಳ ಪ್ರದರ್ಶನವನ್ನೂ ಇಟ್ಟಿತು.

ಹೊರದೇಶದಲ್ಲೂ ಇಂಥದೇ ಕಥೆ ಒಂದಿದೆ. ಪ್ಯಾರಿಸ್ ಪಟ್ಟಣದಲ್ಲಿ ಅಟ್ಜೆ ಎಂಬವರಿದ್ದರು. ಬೆಳಿಗ್ಗೆ ಎದ್ದು ಭಾರದ ಕ್ಯಾಮೆರಾ ಹೊತ್ತು ಹಳೇ ಓಣಿ, ಅಂಗಡಿ ಬಾಗಿಲು, ಬೀದಿ ವ್ಯಾಪಾರಿಗಳ ಚಿತ್ರ ತೆಗೆದು ಚಿತ್ರಕಾರರಿಗೆ, ಗ್ರಂಥಾಲಯಗಳಿಗೆ ಮಾರುತ್ತಿದ್ದರು. 1927ರಲ್ಲಿ ಸತ್ತಾಗ ದೊಡ್ಡ ಹೆಸರೇನೂ ಇರಲಿಲ್ಲ. ಬೆರೆನಿಸ್ ಅಬಟ್ ಎಂಬ ಅಮೆರಿಕದ ಹೆಣ್ಣುಮಗಳು ಉಳಿದ ಗಂಟನ್ನು ಕೊಂಡು, ನಲವತ್ತು ವರ್ಷ ಕಾಪಾಡಿ, 1968ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯಕ್ಕೆ ಮುಟ್ಟಿಸಿದಳು. ಹಳೇ ಪ್ಯಾರಿಸ್ ಹೇಗಿತ್ತು ಎಂದು ಇವತ್ತು ತೋರಿಸುವುದು ಅವೇ ಚಿತ್ರಗಳು. ತೆಗೆದವನಷ್ಟೇ ಕೂಡಿಟ್ಟವಳೂ ದೊಡ್ಡವಳು.

ಕೂಡಿಡುವವರ ಲೋಕದಲ್ಲಿ ಒಂದು ಮಾತು ಚಾಲ್ತಿಯಲ್ಲಿದೆ: ವಿಂಟೇಜ್ ಪ್ರಿಂಟ್. ಚಿತ್ರ ತೆಗೆದ ಹೊತ್ತಿಗೇ, ತೆಗೆದವರ ಕೈಯಿಂದಲೋ ಕಣ್ಣೆದುರಿಗೋ ಕಾಗದಕ್ಕಿಳಿದ ಪ್ರತಿ ಎಂದರ್ಥ. ಅದೇ ನೆಗೆಟಿವಿನಿಂದ ಐವತ್ತು ವರ್ಷದ ಮೇಲೆ ಮಾಡಿದ ಪ್ರತಿಗೆ ಅಷ್ಟು ಬೆಲೆ ಇಲ್ಲ. ತಿಳಿದವರು ಇಂಥ ಫೋಟೋ ಕೈಗೆ ಬಂದರೆ ಮೊದಲು ಬೆನ್ನು ತಿರುಗಿಸಿ ನೋಡುತ್ತಾರೆ. ಸ್ಟುಡಿಯೋದ ಸಿಕ್ಕಾ, ಪೆನ್ಸಿಲಿನಲ್ಲಿ ಬರೆದ ತಾರೀಖು, ಕಾಗದದ ಕಂಪನಿಯ ಗುರುತು, ಎಲ್ಲ ಇರುವುದು ಅಲ್ಲೇ. ಊಟಿಯಲ್ಲಿ 1960ರಲ್ಲಿ ಸ್ಥಾಪನೆಯಾಗಿ ಈಗ ಮುಚ್ಚಿಹೋಗಿರುವ ಹಿಂದುಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ ಇಂದು ಎಂಬ ಮಾರ್ಕು ಬೆನ್ನಿನಲ್ಲಿ ಕಂಡರೆ, ಆ ಪ್ರತಿ ಅದಕ್ಕಿಂತ ಹಿಂದಿನದಲ್ಲ ಎಂದು ಕೂಡಲೇ ಗೊತ್ತಾಗುತ್ತದೆ.

ಕಲ್ಲಿಗಿದೆ ದಾಖಲೆ, ಪೇಟೆಗಿಲ್ಲ

ಈಗ ಊರ ಕಡೆ ಬರೋಣ. ಹಾವೇರಿ ಸೀಮೆಗೆ ಕ್ಯಾಮೆರಾ ಬಂದದ್ದು ತಡವಾಗಿ ಅಂತ ಯಾರೂ ತಿಳಿಯಬೇಕಿಲ್ಲ. ಬಿಗ್ಸ್, ಪಿಗೌ, ನೀಲ್ ಎಂಬ ಬ್ರಿಟಿಷ್ ಅಧಿಕಾರಿಗಳು 1850ರ ದಶಕದಲ್ಲೇ ಧಾರವಾಡ ಮತ್ತು ಮೈಸೂರು ಸೀಮೆಯ ಗುಡಿಗಳ ಫೋಟೋ ತೆಗೆದರು. ಮೆಡೋಸ್ ಟೇಲರ್ ಮತ್ತು ಫರ್ಗ್ಯುಸನ್ ಅವರ ಬರಹದೊಂದಿಗೆ ಆ ಚಿತ್ರಗಳು 1866ರಲ್ಲಿ ಲಂಡನ್ನಿನಲ್ಲಿ ದೊಡ್ಡ ಪುಸ್ತಕವಾಗಿ ಬಂದವು. ಆಮೇಲೆ ಹೆನ್ರಿ ಕಸಿನ್ಸ್ 1926ರ ತಮ್ಮ ಗ್ರಂಥದಲ್ಲಿ ಹಾವೇರಿಯ ಸಿದ್ಧೇಶ್ವರ, ಗಳಗನಾಥ, ಚೌಡದಾನಪುರ, ಬಂಕಾಪುರ, ಹಾನಗಲ್ಲಿನ ಗುಡಿಗಳನ್ನು ಚಿತ್ರ ಸಮೇತ ದಾಖಲು ಮಾಡಿದರು.

ಕಲ್ಲು ಕಂಬದ ಒಂದೊಂದು ಕೆತ್ತನೆಯೂ ದಾಖಲಾಯಿತು. ಆದರೆ ಗುಡಿಯ ಮುಂದೆ ಕಾಯಿ-ಕರ್ಪೂರ ಮಾರುತ್ತಿದ್ದವರು? ಸಾಹೇಬರ ಕ್ಯಾಮೆರಾಕ್ಕೆ ಅವರು ಬೇಕಾಗಿರಲಿಲ್ಲ. ಬೇಕಾದರೂ ಕಂಬದ ಅಳತೆ ಗೊತ್ತಾಗಲಿ ಅಂತ ಪಕ್ಕಕ್ಕೆ ನಿಲ್ಲಿಸಲು ಮಾತ್ರ.

ಹಾಗಾದರೆ ಬ್ಯಾಡಗಿ ಪೇಟೆಗೆ ಚಕ್ಕಡಿಗಳಲ್ಲಿ ಮೆಣಸಿನಕಾಯಿ ಬರುತ್ತಿದ್ದುದನ್ನು, ತೊಟ್ಟು ಮುರಿಯಲು ಕೂತ ಹೆಣ್ಣುಮಕ್ಕಳನ್ನು, ಬೆನ್ನ ಮೇಲೆ ಚೀಲ ಹೊತ್ತ ಹಮಾಲರನ್ನು ಎಲ್ಲಿ ನೋಡಬೇಕು? ರಾಣೇಬೆನ್ನೂರಿನ ಹತ್ತಿ ಅಂಡಿಗೆಗಳನ್ನು, ಹಾವೇರಿಯ ಏಲಕ್ಕಿ ಹಾರ ಪೋಣಿಸುತ್ತಿದ್ದ ಕೈಗಳನ್ನು, ಮೀಟರ್ ಗೇಜ್ ರೈಲಿಗೆ ಕಾಯುತ್ತಿದ್ದ ಮಂದಿಯನ್ನು ಎಲ್ಲಿ ಹುಡುಕಬೇಕು? ಇದ್ದರೆ ಟ್ರಂಕಿನಲ್ಲಿ, ಹಳೇ ಸ್ಟುಡಿಯೋದ ಡಬ್ಬಿಗಳಲ್ಲಿ. ಬೇರೆ ಜಾಗ ಇಲ್ಲ. ಅಂಗಡಿ ಉದ್ಘಾಟನೆಯ ಫೋಟೋದಲ್ಲಿ ಹಿಂದೆ ಕಾಣುವ ರಸ್ತೆ, ಮದುವೆ ಮೆರವಣಿಗೆಯ ಫೋಟೋದಲ್ಲಿ ಅಂಚಿಗೆ ಸಿಕ್ಕಿಬಿದ್ದ ಟಾಂಗಾ, ಆಗ್ಫಾ ಕ್ಲಿಕ್ ಡಬ್ಬಿ ಕ್ಯಾಮೆರಾದಲ್ಲಿ ಯಾರೋ ಹುಡುಗ ಹುಡುಗಾಟಕ್ಕೆ ಹೊಡೆದ ಸಂತೆಯ ಚಿತ್ರ, ಇವೇ ಈ ಊರುಗಳ ಇತಿಹಾಸದ ಕಾಗದಪತ್ರ. ಅಂಗಡಿ ಬೋರ್ಡಿನ ಅಕ್ಷರ, ತಕ್ಕಡಿಯ ನಮೂನೆ, ಪಟಗಾ ಸುತ್ತಿದ ರೀತಿ, ದೀಪದ ಕಂಬ, ಒಂದೊಂದೂ ಸಾಕ್ಷಿ ಹೇಳುತ್ತದೆ.

ಮಾಡಬೇಕಾದ್ದು ಕಷ್ಟದ್ದೇನಲ್ಲ

ಇಂಥವನ್ನು ಉಳಿಸಲು ಲಕ್ಷ ರೂಪಾಯಿ ಬೇಕಿಲ್ಲ. ಫೋಟೋವನ್ನು ಅಂಚು ಹಿಡಿದೇ ಎತ್ತಬೇಕು. ಬೆರಳಿನ ಬೆವರು ಚಿತ್ರವನ್ನು ತಿನ್ನುತ್ತದೆ. ಒದ್ದೆ ಬಟ್ಟೆಯಿಂದ ಒರೆಸಬಾರದು. ಗಾಜಿಗೆ ಅಂಟಿಕೊಂಡಿದ್ದರೆ ಕೀಳಬಾರದು, ಗಾಜಿನ ಸಮೇತ ಇಡಬೇಕು. ಹಾಳಾಗದಿರಲಿ ಅಂತ ಲ್ಯಾಮಿನೇಷನ್ ಮಾಡಿಸುವವರಿದ್ದಾರೆ. ಅದರಷ್ಟು ಕೆಟ್ಟದ್ದು ಇನ್ನೊಂದಿಲ್ಲ; ಬಿಸಿ ಮತ್ತು ಅಂಟು ಸೇರಿ ಚಿತ್ರವನ್ನು ಮತ್ತೆ ಬಿಡಿಸಲಾಗದಂತೆ ಮಾಡುತ್ತವೆ. ಅಂಟು ಹಾಳೆಯ ಆಲ್ಬಂ, ಅಗ್ಗದ ಪ್ಲಾಸ್ಟಿಕ್ ಚೀಲ ಎರಡೂ ಬೇಡ. ಸ್ವಚ್ಛ ಕಾಗದದ ಲಕೋಟೆ ಸಾಕು. ತಗಡಿನ ಕೆಳಗಿನ ಅಟ್ಟದಲ್ಲಿ ಕಾವು, ನೆಲದಲ್ಲಿ ತೇವ. ನಡುಮನೆಯ ತಿಜೋರಿಯೋ ಕಪಾಟೋ ಒಳ್ಳೆಯದು. ಫಿಲ್ಮಿನ ಡಬ್ಬಿ ತೆಗೆದಾಗ ವಿನೆಗರ್‌ನಂಥ ಹುಳಿ ವಾಸನೆ ಬಂದರೆ ಅದು ಕೆಡಲು ಶುರುವಾಗಿದೆ ಎಂದರ್ಥ. ಅದನ್ನು ಉಳಿದವುಗಳಿಂದ ಬೇರೆ ಇಟ್ಟು ಬೇಗ ಸ್ಕ್ಯಾನ್ ಮಾಡಿಸಬೇಕು. ಸ್ಕ್ಯಾನ್ ಆಯಿತಲ್ಲ ಅಂತ ಅಸಲು ಎಸೆಯಬಾರದು. ಬೆನ್ನಿನ ಬರಹ ಇರುವುದು ಅಸಲಿನಲ್ಲೇ.

ಸಂಸ್ಥೆಗಳಿಗೂ ಕೆಲಸ ಇದೆ. ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ 2011ರಿಂದ ಜಾನಪದ ವಿಶ್ವವಿದ್ಯಾಲಯ ಇದೆ. ಹಾಡು, ಕುಣಿತ, ಕಸುಬುಗಳನ್ನು ಕೂಡಿಡುವ ಮನೆಗೆ ಹಳೇ ಪೇಟೆ-ಓಣಿಯ ಚಿತ್ರಗಳು ಹೊರಗಿನವಲ್ಲ. ನಗರಸಭೆ, ಪುರಸಭೆ, ಗ್ರಂಥಾಲಯಗಳು ಒಂದು ಕಪಾಟು, ಒಂದು ಸ್ಕ್ಯಾನರ್, ಒಂದು ದಾಖಲೆ ಪುಸ್ತಕ ಇಟ್ಟರೂ ಶುರು ಮಾಡಿದಂತಾಯಿತು. ವರ್ತಕರ ಸಂಘಗಳು ಮನಸ್ಸು ಮಾಡಿದರೆ ಒಂದೊಂದು ಹಳೇ ಅಂಗಡಿಯಿಂದ ಒಂದೊಂದು ಫೋಟೋದ ನಕಲು ತೆಗೆಸಿದರೂ ಪೇಟೆಯ ಚರಿತ್ರೆ ಗೋಡೆ ತುಂಬೀತು.

ಆದರೆ ಒಂದು ಕೆಲಸಕ್ಕೆ ಮಾತ್ರ ಪುರಸೊತ್ತು ಇಲ್ಲ. ಫೋಟೋ ಪೆಟ್ಟಿಗೆಯಲ್ಲಿ ಇನ್ನೂ ಐವತ್ತು ವರ್ಷ ಇದ್ದೀತು. ಅದರಲ್ಲಿರುವವರು ಯಾರು, ಅದು ಯಾವ ಓಣಿ, ಯಾವ ವರ್ಷದ ಜಾತ್ರೆ ಎಂದು ಹೇಳಬಲ್ಲ ಹಿರಿಯರು ಅಷ್ಟು ದಿನ ಇರುವುದಿಲ್ಲ. ಕಪ್ಪು-ಬಿಳುಪು ಕಾಲದ ಸ್ಟುಡಿಯೋದವರಿಗೂ ವಯಸ್ಸಾಗಿದೆ. ಹೆಸರು ಹೇಳುವವರು ಹೋದರೆ ಚಿತ್ರ ಮೂಕವಾಗುತ್ತದೆ, ಮೂಕ ಚಿತ್ರ ರದ್ದಿಗೆ ಹೋಗುತ್ತದೆ. ಸತ್ಯನ್ ಅವರ ಚಿತ್ರಗಳಿಗೆ ಸತ್ಯನ್ ಅವರ ಹೆಸರಿನ ಕಾವಲಿತ್ತು. ಹಾವೇರಿ, ಬ್ಯಾಡಗಿ, ರಾಣೇಬೆನ್ನೂರಿನ ಟ್ರಂಕುಗಳಿಗೆ ಮನೆಯವರೇ ಕಾವಲು.

ದೀಪಾವಳಿಗೆ ಅಂಗಡಿ ಝಾಡಿಸಿ ಲಕ್ಷ್ಮೀ ಪೂಜೆ ಮಾಡುವ ರೂಢಿ ಎಲ್ಲರಲ್ಲೂ ಇದೆ. ಮುಂದಿನ ದೀಪಾವಳಿಗೆ ಟ್ರಂಕನ್ನೂ ಇಳಿಸಿ, ಮನೆಯ ಹಿರಿಯರನ್ನು ಬೆಳಕಿಗೆ ಕೂಡಿಸಿ, ಒಂದೊಂದೇ ಫೋಟೋ ಕೈಗೆ ಕೊಟ್ಟು ಕೇಳಿರಿ. ಅವರು ಹೇಳಿದ ಹೆಸರನ್ನು ಬೆನ್ನ ಮೇಲೆ ಮೆತ್ತನೆಯ ಪೆನ್ಸಿಲಿನಲ್ಲಿ ಬರೆಯಿರಿ. ಬಾಲ್‌ಪೆನ್ ಬೇಡ, ಅದರ ಗೆರೆ ಮುಂದಕ್ಕೆ ಒಡೆದು ಕಾಣುತ್ತದೆ.